ಮಾನವಿಯ ಜಗನ್ನಾಥದಾಸರು: ಪಾಂಡಿತ್ಯವನ್ನು ಮನೆಮಾತಿಗೆ ತಂದ ಕವಿ

ಸಾಹಿತ್ಯವಾಗಲಿ, ಸಂಗೀತವಾಗಲಿ, ಚಿತ್ರ ಶಿಲ್ಪಗಳಾಗಲಿ ಮನುಷ್ಯನಿಗೆ ಏತಕ್ಕಾಗಿ ಬೇಕು ಎಂಬ ಪ್ರಶ್ನೆ ಬಹು ಹಳೆಯದು. ಕೆಲವರು ಅವು ಮನಸ್ಸಿನ ಸಂತೋಷಕ್ಕಾಗಿ ಎನ್ನುತ್ತಾರೆ. ಮತ್ತೆ ಕೆಲವರು ಅವು ಬಾಳಿಗೆ ದಾರಿ ತೋರಿಸದೆ ಹೋದರೆ ವ್ಯರ್ಥ ಎನ್ನುತ್ತಾರೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ಮಮ್ಮಟನು ಈ ಜಗಳಕ್ಕೆ ಒಂದು ಚೆಲುವಾದ ಪರಿಹಾರ ಸೂಚಿಸಿದ್ದಾನೆ. ವೇದವು ಒಡೆಯನಂತೆ ಆಜ್ಞೆ ಮಾಡುತ್ತದೆ, ಪುರಾಣವು ಗೆಳೆಯನಂತೆ ಬುದ್ಧಿ ಹೇಳುತ್ತದೆ, ಕಾವ್ಯವಾದರೋ ಪ್ರೀತಿಯ ಮಡದಿಯಂತೆ ಮನಸ್ಸನ್ನು ಒಲಿಸಿಕೊಂಡು ಹಿತವನ್ನು ತಿಳಿಸುತ್ತದೆ ಎಂಬುದು ಅವನ ವಿವೇಚನೆಯ ತಿರುಳು.

ನಮ್ಮ ಧರ್ಮಸಭೆಯಲ್ಲಿಯೂ ಈ ಪ್ರಶ್ನೆ ಎದ್ದದ್ದುಂಟು. ಸುಮಾರು ಕ್ರಿ.ಶ. 600ರಲ್ಲಿ ಮಾರ್ಸೇಯ್ ಪಟ್ಟಣದ ಧರ್ಮಾಧ್ಯಕ್ಷರಾದ ಸೆರೆನುಸರು ದೇವಾಲಯದೊಳಗಿನ ಚಿತ್ರಗಳನ್ನು ಒಡೆಸಿಹಾಕಿದಾಗ, ಜಗದ್ಗುರು ಮಹಾ ಗ್ರೆಗೋರಿಯವರು ಅವರಿಗೆ ಪತ್ರ ಬರೆದು, ಚಿತ್ರಗಳನ್ನು ಆರಾಧಿಸಬಾರದೆಂಬುದು ಸರಿಯೇ ಆದರೂ ಅವನ್ನು ನಾಶ ಮಾಡುವುದು ತಪ್ಪು ಎಂದು ತಿಳಿಸಿದರು. ಓದುಬಲ್ಲವನು ಪುಸ್ತಕದಲ್ಲಿ ಕಾಣುವುದನ್ನು ಓದುಬಾರದವನು ಗೋಡೆಯ ಮೇಲೆ ಕಾಣುತ್ತಾನೆ ಎಂಬುದು ಅವರು ಕೊಟ್ಟ ಕಾರಣ. ಕಲೆಯ ಬೋಧಕ ಗುಣವನ್ನು ಇಷ್ಟು ಸರಳವಾಗಿ ಸಮರ್ಥಿಸಿದವರು ವಿರಳ.

ಆದರೆ ಈ ವಿಚಾರಕ್ಕೆ ನಿದರ್ಶನವನ್ನು ಹುಡುಕಿಕೊಂಡು ನಾವು ಕಾಶ್ಮೀರಕ್ಕಾಗಲಿ ರೋಮಿಗಾಗಲಿ ಹೋಗಬೇಕಾಗಿಲ್ಲ. ನಮ್ಮದೇ ಜಿಲ್ಲೆಯ ಮಾನವಿಯಲ್ಲಿ, ಹದಿನೆಂಟನೆಯ ಶತಮಾನದಲ್ಲಿ, ಬಾಳಿ ಬದುಕಿದ ಒಬ್ಬ ಕವಿಯ ಜೀವನವೇ ಈ ಪ್ರಶ್ನೆಗೆ ಕೊಟ್ಟ ಉತ್ತರದಂತಿದೆ. ಅವರು ಶ್ರೀ ಜಗನ್ನಾಥದಾಸರು. ಅವರ ಧರ್ಮಮಾರ್ಗ ನಮ್ಮದಲ್ಲ. ಆದರೂ ನೆರೆಮನೆಯ ದೀಪದ ಬೆಳಕು ನಮ್ಮ ಅಂಗಳಕ್ಕೂ ಬೀಳುವಂತೆ, ಅವರ ಬಾಳಿನಿಂದ ನಾವು ಕಲಿಯುವುದು ಬೇಕಾದಷ್ಟಿದೆ.

ಎಡೆದೊರೆಯ ನಾಡು

ಉತ್ತರದಲ್ಲಿ ಕೃಷ್ಣೆ, ದಕ್ಷಿಣದಲ್ಲಿ ತುಂಗಭದ್ರೆ. ಈ ಎರಡು ಹೊಳೆಗಳ ನಡುವಿನ ಭೂಮಿಯನ್ನು ನಮ್ಮ ಹಿರಿಯರು ಎಡೆದೊರೆ ನಾಡು ಎಂದು ಕರೆದರು. ಕೃಷ್ಣೆಯ ದಂಡೆಯ ದೇವಸುಗೂರನ್ನು ಇಂದು ಹೊರಗಿನವರು ಬಲ್ಲದ್ದು ಅಲ್ಲಿನ ಉಷ್ಣ ವಿದ್ಯುತ್ ಸ್ಥಾವರದಿಂದ. 1985ರಲ್ಲಿ ಮೊದಲ ಘಟಕ ಕಾರ್ಯಾರಂಭ ಮಾಡಿದ ಮೇಲೆ ಇಲ್ಲಿಂದ ಹೊರಟ ವಿದ್ಯುತ್ತು ನಾಡಿನ ಎಷ್ಟೋ ಮನೆಗಳನ್ನು ಬೆಳಗಿದೆ. ಅದಕ್ಕೂ ಎರಡು ಶತಮಾನಗಳ ಹಿಂದೆಯೇ ಇದೇ ಜಿಲ್ಲೆಯ ಹಳ್ಳಿಗಳಿಂದ ಹೊರಟ ಇನ್ನೊಂದು ಬೆಳಕು ಕನ್ನಡ ನಾಡನ್ನು ತಲುಪಿತ್ತು ಎಂಬುದು ಹೊರಗಿನವರಿಗಿರಲಿ, ನಮ್ಮ ಮಕ್ಕಳಿಗೇ ತಿಳಿಯದಂತಾಗುತ್ತಿದೆ.

ಹದಿನಾರನೆಯ ಶತಮಾನದಲ್ಲಿ ಪುರಂದರದಾಸರು, ಕನಕದಾಸರು ಕನ್ನಡದ ಪದಗಳಲ್ಲಿ ಭಕ್ತಿಯನ್ನೂ ನೀತಿಯನ್ನೂ ಹಾಡಿ ಹೋದರು. ವಿಜಯನಗರವು ಬಿದ್ದ ಮೇಲೆ ಆ ಹಾಡಿನ ಹೊಳೆ ಬಹುಕಾಲ ಸಣ್ಣದಾಗಿ ಹರಿಯಿತು. ಅದು ಮತ್ತೆ ತುಂಬಿ ಬಂದದ್ದು ರಾಯಚೂರು ಸೀಮೆಯಲ್ಲಿ. ಮಾನವಿ ತಾಲ್ಲೂಕಿನ ಚೀಕಲಪರವಿಯಲ್ಲಿ 1682ರಲ್ಲಿ ಹುಟ್ಟಿದ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಮಾನವಿ ತಾಲ್ಲೂಕಿನ ಬ್ಯಾಗವಟದ ಜಗನ್ನಾಥದಾಸರು, ಲಿಂಗಸುಗೂರಿನ ಪ್ರಾಣೇಶದಾಸರು, ಹೀಗೆ ಗುರುಶಿಷ್ಯರ ಒಂದು ಸಾಲೇ ಈ ಒಣಭೂಮಿಯಲ್ಲಿ ಬೆಳೆಯಿತು.

ಆ ಕಾಲದ ಸ್ಥಿತಿ ಸುಖದ್ದಾಗಿರಲಿಲ್ಲ. ಈ ಪ್ರದೇಶವು ನಿಜಾಮನ ಆಳಿಕೆಗೆ ಸೇರಿತ್ತು. ಮರಾಠರ, ಮೈಸೂರಿನವರ, ನಿಜಾಮನವರ ದಂಡುಗಳು ಎರಡು ಹೊಳೆಗಳ ನಡುವಿನ ಹಾದಿಗಳಲ್ಲಿ ಓಡಾಡುತ್ತಿದ್ದವು. ಆಡಳಿತದ ಭಾಷೆ ಪಾರಸಿ, ಪಂಡಿತರ ಭಾಷೆ ಸಂಸ್ಕೃತ. ಹೊಲದಲ್ಲಿ, ಅಡಿಗೆಮನೆಯಲ್ಲಿ, ಬಾವಿಯ ಕಟ್ಟೆಯಲ್ಲಿ ಮಾತ್ರ ಕನ್ನಡ. ಜ್ಞಾನವೆಂಬುದು ಜನರು ಮಾತನಾಡುವ ಭಾಷೆಯಲ್ಲಿ ಇರಲು ತಕ್ಕದ್ದಲ್ಲ ಎಂಬ ಭಾವನೆ ವಿದ್ವಾಂಸರಲ್ಲಿ ಬೇರೂರಿತ್ತು. ಮಾಧ್ವ ಪರಂಪರೆಯಲ್ಲಿ ಸಂಸ್ಕೃತದಲ್ಲಿ ಶಾಸ್ತ್ರ ನಡೆಸುವವರನ್ನು ವ್ಯಾಸಕೂಟದವರೆಂದೂ, ಕನ್ನಡದಲ್ಲಿ ಹಾಡುವವರನ್ನು ದಾಸಕೂಟದವರೆಂದೂ ಕರೆಯುತ್ತಿದ್ದುದೇ ಈ ಅಂತರಕ್ಕೆ ಸಾಕ್ಷಿ.

ಪಂಡಿತನ ಗರ್ವ

1728ರಲ್ಲಿ ಬ್ಯಾಗವಟದಲ್ಲಿ ಒಂದು ಶಾನುಭೋಗರ ಮನೆಯಲ್ಲಿ ಹುಟ್ಟಿದ ಮಗುವಿಗೆ ಶ್ರೀನಿವಾಸನೆಂದು ಹೆಸರಿಟ್ಟರು. ತಂದೆ ನರಸಪ್ಪನವರು, ತಾಯಿ ಲಕ್ಷ್ಮಕ್ಕ. ಹುಡುಗನ ಬುದ್ಧಿ ಚುರುಕಾಗಿತ್ತು. ಮಂತ್ರಾಲಯದ ರಾಘವೇಂದ್ರಸ್ವಾಮಿಗಳ ಮಠದ ಪರಂಪರೆಯ ಶ್ರೀ ವರದೇಂದ್ರತೀರ್ಥರಲ್ಲಿ ಅವನು ಶಾಸ್ತ್ರಾಧ್ಯಯನ ಮಾಡಿದನು. ಕೆಲವೇ ವರ್ಷಗಳಲ್ಲಿ ಶ್ರೀನಿವಾಸನು ಶ್ರೀನಿವಾಸಾಚಾರ್ಯರೆನಿಸಿ, ಮಾನವಿಯಲ್ಲಿ ನೆಲೆನಿಂತು ಶಿಷ್ಯರಿಗೆ ಪಾಠ ಹೇಳತೊಡಗಿದರು. ವಾದದಲ್ಲಿ ಅವರಿಗೆ ಸಮಾನರಿಲ್ಲವೆಂಬ ಹೆಸರು ಸುತ್ತಲೂ ಹಬ್ಬಿತು.

ವಿದ್ಯೆಯ ಹಿಂದೆಯೇ ವಿದ್ಯೆಯ ಮದವೂ ಬಂದಿತು. ತಂಬೂರಿ ಹಿಡಿದು, ಕಾಲಿಗೆ ಗೆಜ್ಜೆ ಕಟ್ಟಿ, ಮನೆಮನೆಯ ಮುಂದೆ ಕನ್ನಡದಲ್ಲಿ ಹಾಡುತ್ತ ಹೋಗುವ ದಾಸರನ್ನು ಕಂಡರೆ ಆಚಾರ್ಯರಿಗೆ ತಾತ್ಸಾರ. ಶಾಸ್ತ್ರವನ್ನು ಬಲ್ಲವನು ಹಾಡುವುದೇಕೆ, ಹಾಡುವವನು ಶಾಸ್ತ್ರವನ್ನು ಬಲ್ಲನೆ ಎಂಬುದು ಅವರ ನಿಲುವಾಗಿತ್ತು. ಇದು ಒಬ್ಬ ವ್ಯಕ್ತಿಯ ದೋಷ ಮಾತ್ರವಲ್ಲ. ಓದು ಬರಹ ಬಲ್ಲವರು ಬಲ್ಲದವರನ್ನು ನೋಡುವ ದೃಷ್ಟಿಯಲ್ಲಿ ಈ ದೋಷ ಎಲ್ಲ ಕಾಲದಲ್ಲಿಯೂ ಎಲ್ಲ ಮತಗಳಲ್ಲಿಯೂ ಕಾಣುತ್ತದೆ.

ಮುಂದಿನ ಸಂಗತಿಯನ್ನು ದಾಸ ಪರಂಪರೆಯವರು ತಲೆತಲಾಂತರದಿಂದ ಹೇಳುತ್ತ ಬಂದಿದ್ದಾರೆ. ಇದು ಐತಿಹ್ಯ; ಇತಿಹಾಸದ ದಾಖಲೆಯಲ್ಲ. ವೃದ್ಧರಾದ ವಿಜಯದಾಸರು ಒಮ್ಮೆ ತಮ್ಮ ಪರಿವಾರದೊಂದಿಗೆ ಮಾನವಿಗೆ ಬಂದರು. ಪೂಜೆಯ ನಂತರ ನಡೆಯುವ ಊಟಕ್ಕೆ ಊರಿನ ವಿದ್ವಾಂಸರಾದ ಶ್ರೀನಿವಾಸಾಚಾರ್ಯರಿಗೂ ಕರೆ ಹೋಯಿತು. ದಾಸರ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಆಚಾರ್ಯರಿಗೆ ಹಿಡಿಸಲಿಲ್ಲ. ಹೊತ್ತು ಮೀರಿ ಉಂಡರೆ ತಮಗೆ ಹೊಟ್ಟೆನೋವು ಬರುವುದೆಂದು ನೆಪ ಹೇಳಿ ಕಳುಹಿಸಿದರು. ವಿಜಯದಾಸರು ಕೋಪಗೊಳ್ಳದೆ, ಹಾಗೆಯೇ ಆಗಲಿ ಎಂದು ಸುಮ್ಮನಾದರು. ಕೆಲವು ದಿನಗಳಲ್ಲಿ ನೆಪವೇ ನಿಜವಾಯಿತು. ಆಚಾರ್ಯರಿಗೆ ಹೊಟ್ಟೆಯ ಬೇನೆ ಹತ್ತಿತು. ಔಷಧಗಳು ನಾಟಲಿಲ್ಲ. ದೇಹವು ದಿನೇ ದಿನೇ ಸೊರಗಿತು.

ಜೋಳದ ರೊಟ್ಟಿಯ ಋಣ

ಪ್ರಾಣಭಯದಲ್ಲಿದ್ದ ಆಚಾರ್ಯರು ಮಂತ್ರಾಲಯಕ್ಕೆ ಹೋಗಿ ಸೇವೆಗೆ ನಿಂತರು. ವಿಜಯದಾಸರನ್ನೇ ಆಶ್ರಯಿಸಬೇಕೆಂದು ಅಲ್ಲಿ ಅವರಿಗೆ ಸ್ವಪ್ನದಲ್ಲಿ ಸೂಚನೆಯಾಯಿತಂತೆ. ಯಾರ ಊಟವನ್ನು ತಿರಸ್ಕರಿಸಿದ್ದರೋ ಅವರ ಮುಂದೆಯೇ ಕೈಮುಗಿದು ನಿಲ್ಲಬೇಕಾಯಿತು. ವಿಜಯದಾಸರು ಅವರನ್ನು ತಮ್ಮ ಪ್ರಿಯ ಶಿಷ್ಯರಾದ ಗೋಪಾಲದಾಸರ ಬಳಿಗೆ ಕಳುಹಿಸಿದರು.

ಮೊಸರಕಲ್ಲಿನ ಈ ಗೋಪಾಲದಾಸರ ಪೂರ್ವದ ಹೆಸರು ಭಾಗಣ್ಣ. ಅವರು ಉತ್ತನೂರಿನಲ್ಲಿ ನೆಲೆಸಿದ್ದರು. ಬಂದ ರೋಗಿಗೆ ಅವರು ಕೊಟ್ಟ ಮದ್ದು ಜೋಳದ ರೊಟ್ಟಿ. ಆ ರೊಟ್ಟಿಯೊಂದಿಗೆ ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನೂ ಅವರು ಧಾರೆಯೆರೆದರೆಂದು ಪರಂಪರೆಯವರು ನಂಬುತ್ತಾರೆ. ಆಚಾರ್ಯರು ಚೇತರಿಸಿಕೊಂಡರು. ಮುಂದೆ ಪಂಢರಪುರದಲ್ಲಿ ಜಗನ್ನಾಥವಿಠಲ ಎಂಬ ಅಂಕಿತವನ್ನು ಪಡೆದು ದಾಸರಾದರು.

ಈ ಪವಾಡವನ್ನು ಓದುಗರು ತಮ್ಮ ತಮ್ಮ ನಂಬಿಕೆಗೆ ತಕ್ಕಂತೆ ಸ್ವೀಕರಿಸಬಹುದು. ನಮ್ಮ ಗಮನಕ್ಕೆ ಬರುವುದು ಅದರೊಳಗಿನ ಮಾನವ ಸತ್ಯ. ಜೋಳದ ರೊಟ್ಟಿ ನಮ್ಮ ಸೀಮೆಯ ಬಡವರ ಆಹಾರ. ಪಂಡಿತನನ್ನು ಬದುಕಿಸಿದ್ದು ಅಮೃತವಲ್ಲ, ಪಂಚಭಕ್ಷ್ಯವಲ್ಲ. ಒಕ್ಕಲಿಗನು ಬುತ್ತಿಯಲ್ಲಿ ಕಟ್ಟಿಕೊಂಡು ಹೊಲಕ್ಕೆ ಒಯ್ಯುವ ರೊಟ್ಟಿ. ಕನ್ನಡವೂ ಅಂಥದೇ ಅಲ್ಲವೆ? ಆಚಾರ್ಯರು ಕೀಳೆಂದು ದೂರವಿಟ್ಟಿದ್ದ ಎರಡೂ, ಅಂದರೆ ದಾಸರ ಪಂಕ್ತಿಯೂ ದಾಸರ ಭಾಷೆಯೂ, ಕೊನೆಗೆ ಅವರಿಗೆ ಜೀವ ಕೊಟ್ಟವು. ತಲೆಮಾರುಗಳ ಜನರು ಈ ಕಥೆಯನ್ನು ಮರೆಯದೆ ಹೇಳುತ್ತ ಬಂದಿರುವುದು ಈ ಅರ್ಥಕ್ಕಾಗಿಯೇ ಎಂದು ನಮಗೆ ತೋರುತ್ತದೆ.

ಹರಿಕಥಾಮೃತಸಾರ

ದಾಸರಾದ ಮೇಲೆ ಅವರು ತಮ್ಮ ಪಾಂಡಿತ್ಯವನ್ನು ಬಿಸಾಡಲಿಲ್ಲ. ಇದು ಮುಖ್ಯವಾದ ಮಾತು. ಪಶ್ಚಾತ್ತಾಪಪಟ್ಟ ಪಂಡಿತನು ಪುಸ್ತಕಗಳನ್ನು ಮುಚ್ಚಿಟ್ಟು ಭಜನೆಗೆ ಕುಳಿತಿದ್ದರೆ ಅವನ ಆತ್ಮಕ್ಕೆ ಶಾಂತಿ ದೊರಕುತ್ತಿತ್ತೇನೋ, ನಾಡಿಗೆ ಲಾಭವಾಗುತ್ತಿರಲಿಲ್ಲ. ಜಗನ್ನಾಥದಾಸರು ತಾವು ಸಂಸ್ಕೃತದಲ್ಲಿ ಕಲಿತುದೆಲ್ಲವನ್ನೂ ಕನ್ನಡಕ್ಕೆ ತಂದರು. ಮಧ್ವಸಿದ್ಧಾಂತದ ಜಟಿಲವಾದ ತತ್ತ್ವಗಳೆಲ್ಲವನ್ನೂ ಸುಮಾರು ಸಾವಿರ ಷಟ್ಪದಿಗಳಲ್ಲಿ ಅಡಕಗೊಳಿಸಿ ಹರಿಕಥಾಮೃತಸಾರವೆಂಬ ಗ್ರಂಥವನ್ನು ರಚಿಸಿದರು. ಅದರಲ್ಲಿ 32 ಸಂಧಿಗಳಿವೆ. ಕೊನೆಯಲ್ಲಿ ಬರುವ ಫಲಸ್ತುತಿಯನ್ನು ಅವರ ಶಿಷ್ಯರಾದ ಕರ್ಜಗಿ ದಾಸಪ್ಪನವರು, ಅಂದರೆ ಶ್ರೀದವಿಠಲರು, ಸೇರಿಸಿದರು.

ಕನ್ನಡದಲ್ಲಿ ಶಾಸ್ತ್ರವನ್ನು ಬರೆಯುವುದಕ್ಕೆ ವಿದ್ವಾಂಸರ ಆಕ್ಷೇಪ ಬಾರದೆ ಇರದೆಂದು ದಾಸರಿಗೆ ತಿಳಿದಿತ್ತು. ಅವರೇ ಒಂದು ಕಾಲಕ್ಕೆ ಅಂಥ ಆಕ್ಷೇಪಕರಾಗಿದ್ದವರಲ್ಲವೆ! ಆದುದರಿಂದ ಕರುಣಾಸಂಧಿಯ ಆರಂಭದಲ್ಲಿಯೇ ಒಂದು ಹೋಲಿಕೆಯ ಮೂಲಕ ಉತ್ತರ ಕೊಟ್ಟಿದ್ದಾರೆ. ಮಳೆಗಾಲದಲ್ಲಿ ಊರ ಓಣಿಯಲ್ಲಿ ಹರಿಯುವ ನೀರನ್ನು ಯಾರೂ ಮುಟ್ಟುವುದಿಲ್ಲ. ಅದೇ ನೀರು ದೊಡ್ಡ ಹೊಳೆಯನ್ನು ಕೂಡಿದ ಮೇಲೆ ಅದರಲ್ಲಿ ಸ್ನಾನ ಮಾಡುತ್ತಾರೆ, ಅದನ್ನು ಕುಡಿಯುತ್ತಾರೆ. ಹಾಗೆಯೇ ತಮ್ಮ ಮಾತುಗಳಲ್ಲಿ ದೋಷವಿದ್ದರೂ ಅವು ಭಗವಂತನ ಮಹಿಮೆಯೆಂಬ ಸಮುದ್ರವನ್ನು ಹೊಕ್ಕಿರುವುದರಿಂದ ಬಲ್ಲವರು ಅವನ್ನು ದೂರ ಮಾಡಲಾರರು ಎಂಬುದು ಅವರ ನಂಬಿಕೆ. ಕೃಷ್ಣೆ ತುಂಗಭದ್ರೆಗಳ ನಡುವೆ ಬೆಳೆದವರಿಗೆ ಈ ಹೋಲಿಕೆಯ ಅರ್ಥವನ್ನು ಯಾವ ಪಂಡಿತನೂ ಬಿಡಿಸಿ ಹೇಳಬೇಕಾಗಿಲ್ಲ. ಓಣಿಯ ಕೆಂಪು ನೀರು ಹಳ್ಳವನ್ನು ಸೇರಿ, ಹಳ್ಳವು ಹೊಳೆಯನ್ನು ಸೇರುವುದನ್ನು ಅವರು ಪ್ರತಿ ವರ್ಷವೂ ಕಂಡವರು.

ಅದೇ ಸಂಧಿಯ ಮೊದಲ ಪದ್ಯದಲ್ಲಿ ಕವಿ ತನ್ನ ಕಥೆಯ ಫಲಗಳನ್ನು ಎಣಿಸುವಾಗ ಮೊದಲು ಹೇಳುವುದು ಕಿವಿಗೂ ಮನಸ್ಸಿಗೂ ಆಗುವ ಆನಂದವನ್ನು. ದುಃಖ ನಿವಾರಣೆಯ ಮಾತು ಅದರ ನಂತರ ಬರುತ್ತದೆ. ಬೋಧನೆಯನ್ನೇ ಗುರಿಯಾಗಿ ಇಟ್ಟುಕೊಂಡ ಕವಿಯೂ ಸಂತೋಷವನ್ನು ಮುಂದೆ ನಿಲ್ಲಿಸಿದನು. ಮನಸ್ಸು ಅರಳದೆ ಬುದ್ಧಿ ತೆರೆಯದು ಎಂಬುದನ್ನು ಪಾಠ ಹೇಳಿ ಅನುಭವವಿದ್ದ ಈ ಗುರು ಚೆನ್ನಾಗಿ ಬಲ್ಲವರಾಗಿದ್ದರು.

ಕೇಳುವವರಿಗಾಗಿ ಕಟ್ಟಿದ ಗ್ರಂಥ

ಈ ಗ್ರಂಥದ ಕಟ್ಟಡವನ್ನು ಸ್ವಲ್ಪ ನೋಡೋಣ. ಒಬ್ಬ ಬಡಗಿಯು ತೊಟ್ಟಿಲನ್ನು ಮಾಡುವಾಗ ಅದರಲ್ಲಿ ಮಲಗುವ ಮಗುವನ್ನು ನೆನೆಯುವಂತೆ, ಜಗನ್ನಾಥದಾಸರು ತಮ್ಮ ಕಾವ್ಯದ ಅಳತೆಯನ್ನು ಅದನ್ನು ಕೇಳುವವರಿಂದ ತೆಗೆದುಕೊಂಡರು.

ಅವರು ಆರಿಸಿಕೊಂಡುದು ಭಾಮಿನಿ ಷಟ್ಪದಿ. ಆರು ಸಾಲಿನ ಈ ಛಂದಸ್ಸಿನಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ತಲಾ 14 ಮಾತ್ರೆಗಳು. ಮೂರು ಮತ್ತು ಆರನೆಯ ಸಾಲುಗಳಿಗೆ ತಲಾ 23 ಮಾತ್ರೆಗಳು. ಮೂರು ನಾಲ್ಕರ ಗತಿಯಲ್ಲಿ ಅದು ನಡೆಯುತ್ತದೆ. ಗದುಗಿನ ಕುಮಾರವ್ಯಾಸನು ಹದಿನೈದನೆಯ ಶತಮಾನದಲ್ಲಿ ಭಾರತವನ್ನು ಹಾಡಿದ್ದು ಇದೇ ಧಾಟಿಯಲ್ಲಿ. ಗಮಕಿಗಳ ವಾಚನದಿಂದ ಈ ನಡೆ ಹಳ್ಳಿಹಳ್ಳಿಯ ಕಿವಿಗಳಲ್ಲಿ ನೆಲೆಸಿತ್ತು. ಅಕ್ಷರ ಬಾರದವನಿಗೂ ಭೀಮ ದುಶ್ಶಾಸನರ ಕಾಳಗದ ಪದ್ಯಗಳು ಬಾಯಿಪಾಠವಾಗಿದ್ದವು. ಜನರು ಯಾವ ದಾರಿಯಲ್ಲಿ ನಡೆದು ಅಭ್ಯಾಸವಾಗಿತ್ತೋ ಅದೇ ದಾರಿಯಲ್ಲಿ ದಾಸರು ಶಾಸ್ತ್ರವನ್ನು ಹೊರಿಸಿ ಕಳುಹಿಸಿದರು. ಆರೂ ಸಾಲುಗಳ ಎರಡನೆಯ ಅಕ್ಷರಗಳು ಒಂದಕ್ಕೊಂದು ಹೊಂದುವ ಪ್ರಾಸವು ನೆನಪಿಗೆ ಗಟ್ಟಿಯಾದ ಆಧಾರ. ಒಂದು ಸಾಲು ಮರೆತರೆ ಹಿಂದಿನ ಸಾಲಿನ ಪ್ರಾಸವೇ ಮುಂದಿನದನ್ನು ಎಳೆದು ತರುತ್ತದೆ.

ಪ್ರತಿ ಸಂಧಿಯ ಆರಂಭದಲ್ಲಿಯೂ ಒಂದೇ ಪಲ್ಲವಿ ಬರುತ್ತದೆ. ಗುರುಗಳ ಕರುಣೆಯಿಂದ ತನಗೆ ತಿಳಿದಷ್ಟನ್ನು ಹೇಳುವೆನು, ಭಕ್ತರು ಆದರದಿಂದ ಕೇಳಬೇಕು ಎಂಬುದು ಅದರ ಭಾವ. ಓದಬೇಕು ಎನ್ನದೆ ಕೇಳಬೇಕು ಎಂದಿರುವುದನ್ನು ಗಮನಿಸಬೇಕು. ವಾದದಲ್ಲಿ ಎದುರಾಳಿಯನ್ನು ಸೋಲಿಸುತ್ತಿದ್ದ ಆಚಾರ್ಯರು ಇಲ್ಲಿ ಕೇಳುಗರ ಮುಂದೆ ವಿನಯದಿಂದ ನಿಂತಿದ್ದಾರೆ.

ಅವರ ಉಪಮಾನಗಳು ಮನೆಯೊಳಗಿನವು. ದೇವರು ಭಕ್ತನಿಗೆ ಕಾಣದೆ ಇರುವುದೇಕೆ ಎಂಬ ಕಠಿಣ ಪ್ರಶ್ನೆಗೆ ಅವರು ತಾಯಿ ಮಗುವಿನ ಆಟವನ್ನು ತೋರಿಸುತ್ತಾರೆ. ಕತ್ತಲೆಯ ಕೋಣೆಯಲ್ಲಿ ಅಡಗಿ ನಿಂತ ತಾಯಿಯು ತನಗಾಗಿ ಹಂಬಲಿಸಿ ಅಳುವ ಮಗುವನ್ನು ನೋಡಿ ನಗುತ್ತಾಳೆ. ಕೊನೆಗೆ ಓಡಿಬಂದು ಎತ್ತಿ ಅಪ್ಪಿಕೊಳ್ಳುತ್ತಾಳೆ. ಮಗು ಕಾಣದಿದ್ದಾಗಲೂ ತಾಯಿ ಅಲ್ಲಿಯೇ ಇದ್ದಳು. ಇನ್ನೊಂದು ಪದ್ಯದಲ್ಲಿ ಭಕ್ತನು ಮಲಗಿಕೊಂಡು ಹಾಡಿದರೆ ದೇವರು ಕುಳಿತು ಕೇಳುತ್ತಾನೆ, ಕುಳಿತು ಹಾಡಿದರೆ ನಿಂತು ಕೇಳುತ್ತಾನೆ, ನಿಂತು ಹಾಡಿದರೆ ಕುಣಿಯುತ್ತಾನೆ ಎಂದು ವರ್ಣಿಸಿದ್ದಾರೆ. ಹಾಸಿಗೆ ಹಿಡಿದ ಮುದುಕಿಗೂ ಇದರಲ್ಲಿ ಒಂದು ಭರವಸೆಯಿದೆ.

ಊಟದ ವಿಷಯಕ್ಕೇ ಒಂದು ಸಂಧಿಯನ್ನು ಮೀಸಲಿಟ್ಟಿರುವುದು ವಿಶೇಷ. ಅನ್ನ, ತುಪ್ಪ, ಹಾಲು, ಮೊಸರು, ಪಲ್ಯ ಇವುಗಳಲ್ಲಿ ಭಗವಂತನ ಯಾವ ಯಾವ ರೂಪಗಳನ್ನು ನೆನೆಯಬೇಕೆಂದು ಅಲ್ಲಿ ವಿವರಿಸಿದ್ದಾರೆ. ಅಂದು ಒಂದು ಊಟವನ್ನು ಗರ್ವದಿಂದ ಬೇಡವೆಂದವರು ಮುಂದೆ ಪ್ರತಿ ತುತ್ತನ್ನೂ ಪೂಜೆಯಾಗಿ ಕಾಣಲು ಜನರಿಗೆ ಕಲಿಸಿದರು. ಐತಿಹ್ಯವನ್ನೂ ಗ್ರಂಥವನ್ನೂ ಜೊತೆಗಿಟ್ಟು ನೋಡಿದಾಗ ಅವರ ಬಾಳಿನ ತಿರುವು ಸ್ಪಷ್ಟವಾಗುತ್ತದೆ.

ಹರಿಕಥಾಮೃತಸಾರವಲ್ಲದೆ ಅವರು ತತ್ತ್ವಸುವ್ವಾಲಿಯನ್ನೂ ಅನೇಕ ಕೀರ್ತನೆಗಳನ್ನೂ ರಚಿಸಿದರು. ಸುವ್ವಾಲಿಯು ಹೆಣ್ಣುಮಕ್ಕಳ ಹಾಡಿನ ಧಾಟಿ. ಮೂರು ಸಾಲಿನ ತ್ರಿಪದಿ. ಬೀಸುವ ಕುಟ್ಟುವ ಹೆಂಗಸರ ಬಾಯಲ್ಲಿ ಬೆಳೆದ ತ್ರಿಪದಿಯಲ್ಲಿ ತತ್ತ್ವವನ್ನು ತುಂಬಿದುದು ಸಾಮಾನ್ಯ ಕೆಲಸವಲ್ಲ. ಪಾಠಶಾಲೆಯ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿದ್ದ ಕಾಲವದು. ಬಾಗಿಲನ್ನು ತೆರೆಯುವ ಅಧಿಕಾರ ದಾಸರಿಗೆ ಇರಲಿಲ್ಲ. ಆದರೆ ಪಾಠವನ್ನೇ ಹಾಡು ಮಾಡಿ ಅವರು ಒಳಮನೆಗೆ ಕಳುಹಿಸಿದರು. ಇಂದಿಗೂ ರಾಯಚೂರು ಸೀಮೆಯ ಭಜನಾ ಮಂಡಳಿಗಳಲ್ಲಿ ಮಹಿಳೆಯರು ಹರಿಕಥಾಮೃತಸಾರದ ಸಂಧಿಗಳನ್ನು ಪಾರಾಯಣ ಮಾಡುವುದನ್ನು ನಾವು ಕೇಳಬಹುದು.

ಎರಡು ಆಕ್ಷೇಪಗಳು

ಬೋಧನೆಗಾಗಿ ಬರೆದ ಸಾಹಿತ್ಯದ ಮೇಲೆ ವಿಮರ್ಶಕರು ಹೊರಿಸುವ ದೋಷಗಳನ್ನು ಇಲ್ಲಿ ಮುಚ್ಚಿಡಬಾರದು. ಮೊದಲನೆಯದು, ಇಂಥ ಕೃತಿಗಳಲ್ಲಿ ಶಾಸ್ತ್ರದ ಭಾರ ಹೆಚ್ಚಾಗಿ ಕಾವ್ಯರಸ ಬತ್ತುತ್ತದೆ ಎಂಬುದು. ಹರಿಕಥಾಮೃತಸಾರದ ಎಲ್ಲ ಭಾಗಗಳೂ ಕರುಣಾಸಂಧಿಯಷ್ಟು ತಿಳಿಯಾಗಿಲ್ಲ. ವರ್ಣಗಳ, ನಾಡಿಗಳ, ಶ್ವಾಸಗಳ ಲೆಕ್ಕವನ್ನು ಹೇಳುವ ಸಂಧಿಗಳು ವ್ಯಾಖ್ಯಾನವಿಲ್ಲದೆ ಅರ್ಥವಾಗುವುದು ಕಷ್ಟ. ವಿನೋದವೆಂದರೆ, ಕನ್ನಡದಲ್ಲಿ ಬರೆದ ಈ ಗ್ರಂಥಕ್ಕೆ ಮುಂದೆ ಪಂಡಿತರು ಸಂಸ್ಕೃತದಲ್ಲಿ ಟೀಕೆ ಬರೆದರು. ಓಣಿಯ ನೀರನ್ನು ಬಲ್ಲವರು ದೂರ ಮಾಡಲಾರರೆಂಬ ದಾಸರ ನಂಬಿಕೆ ಹೀಗೆ ನಿಜವಾಯಿತು. ಕನ್ನಡವು ಶಾಸ್ತ್ರದ ಭಾಷೆಯಾಗಬಲ್ಲದೆಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ದಾಸರು ಭಾಷೆಯ ಗೋಡೆಯನ್ನು ಕೆಡವಿದರು, ಆದರೆ ಸಮಾಜದ ಗೋಡೆಗಳನ್ನು ಅಷ್ಟಾಗಿ ಕೆಡವಲಿಲ್ಲ ಎಂಬುದನ್ನು ಒಪ್ಪಬೇಕಾಗುತ್ತದೆ. ಅವರ ಸಿದ್ಧಾಂತದಲ್ಲಿ ತಾರತಮ್ಯಕ್ಕೆ, ಅಂದರೆ ಜೀವಿಗಳ ಮೇಲು ಕೀಳಿನ ಕ್ರಮಕ್ಕೆ, ದೊಡ್ಡ ಸ್ಥಾನವಿದೆ. ಹನ್ನೆರಡನೆಯ ಶತಮಾನದ ಶರಣರ ಎದೆಗಾರಿಕೆಯನ್ನು ಇವರಲ್ಲಿ ಹುಡುಕುವವರಿಗೆ ನಿರಾಶೆಯಾದೀತು. ಆದರೂ ಒಮ್ಮೆ ಜನರ ನಾಲಿಗೆಗೆ ಬಂದ ಹಾಡು ಕವಿ ಎಳೆದ ಗೆರೆಯೊಳಗೆ ನಿಲ್ಲುವುದಿಲ್ಲ. ಮುಂದಿನ ಶತಮಾನದಲ್ಲಿ ಹರಪನಹಳ್ಳಿಯ ಭೀಮವ್ವನಂಥ ಹೆಣ್ಣುಮಗಳು ತಾನೇ ಹರಿದಾಸಿಯಾಗಿ ಪದಗಳನ್ನು ರಚಿಸಿದಳು. ಕಲಿಸುವ ಸಾಹಿತ್ಯದ ನಿಜವಾದ ಪರೀಕ್ಷೆ ಇದೇ. ಕೇಳಿದವರು ಕೇಳುಗರಾಗಿಯೇ ಉಳಿಯದೆ ತಾವೂ ಹೇಳುವವರಾಗಬೇಕು.

ನೆರೆಯವರ ಕೈಗಳು

ಇದೇ ಸಮಸ್ಯೆಯನ್ನು ನಮ್ಮ ಹಿರಿಯರೂ ಎದುರಿಸಿದ್ದರು. ಇಂಗ್ಲೆಂಡಿನಿಂದ ಗೋವೆಗೆ ಬಂದ ಯೇಸುಸಭೆಯ ಯಾಜಕ ಥಾಮಸ್ ಸ್ಟೀಫನ್ಸರು, ಜನರಿಗೆ ಲತೀನ್ ತಿಳಿಯದೆಂಬುದನ್ನು ಅರಿತು, ಪುರಾಣಗಳನ್ನು ಕೇಳಿ ಬೆಳೆದವರ ಕಿವಿಗೆ ಒಗ್ಗುವ ಓವಿ ಛಂದಸ್ಸಿನಲ್ಲಿ ಕ್ರಿಸ್ತಪುರಾಣವನ್ನು ಮರಾಠಿಯಲ್ಲಿ ಬರೆದರು. ಅದು 1616ರಲ್ಲಿ ರಾಶೋಲಿನಲ್ಲಿ ಅಚ್ಚಾಯಿತು. ಜಗನ್ನಾಥದಾಸರು ಹುಟ್ಟುವುದಕ್ಕೆ ನೂರು ವರ್ಷಗಳಿಗೂ ಹಿಂದಿನ ಮಾತಿದು. ಒಬ್ಬರನ್ನೊಬ್ಬರು ಅರಿಯದ ಈ ಇಬ್ಬರೂ ಒಂದೇ ಉಪಾಯವನ್ನು ಕಂಡುಕೊಂಡರು. ಪ್ರಭು ಯೇಸುವೂ ಬಿತ್ತುವವನ, ಹುಳಿಹಿಟ್ಟಿನ, ಕಳೆದುಹೋದ ಕುರಿಯ ಸಾಮತಿಗಳಿಂದಲೇ ಜನರಿಗೆ ಬೋಧಿಸಿದರೆಂಬುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಲ್ಲ.

ದಾಸರ ಪದಗಳು ಉಳಿದು ಬಂದ ಕಥೆಯಲ್ಲಿಯೂ ಹಲವರ ಕೈಗಳಿವೆ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರು ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಅನ್ಯ ಧರ್ಮದ ಪ್ರಚಾರಕರೊಬ್ಬರು ಕನ್ನಡದ ಈ ಸಂಪತ್ತಿಗೆ ಸಲ್ಲಿಸಿದ ಸೇವೆಯನ್ನು ಕನ್ನಡಿಗರು ಮರೆತಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಲಿಂಗಸುಗೂರಿನ ಗೊರಬಾಳ ಹನುಮಂತರಾಯರು ಹಳೆಯ ಹಸ್ತಪ್ರತಿಗಳನ್ನು ಕಲೆಹಾಕಿ, ಈ ಸೀಮೆಯ ದಾಸರ ಕೃತಿಗಳನ್ನು ಪ್ರಕಟಿಸುವುದಕ್ಕಾಗಿ ತಮ್ಮ ಬಾಳನ್ನು ಸವೆಸಿದರು. ಅವರ ಪರಿಶ್ರಮವಿಲ್ಲದಿದ್ದರೆ ಎಷ್ಟೋ ಪದಗಳು ಗೆದ್ದಲಿಗೆ ಆಹಾರವಾಗುತ್ತಿದ್ದವು.

ಜಗನ್ನಾಥದಾಸರು 81 ವರ್ಷಗಳ ತುಂಬು ಬಾಳನ್ನು ಬಾಳಿ, 1809ರ ಭಾದ್ರಪದ ಶುದ್ಧ ನವಮಿಯಂದು ಮಾನವಿಯಲ್ಲಿ ದೇಹವಿಟ್ಟರು. ಅವರು ವಾಸವಾಗಿದ್ದ ಮನೆಯ ಕಂಬವನ್ನು ಭಕ್ತರು ಅವರ ಸನ್ನಿಧಾನವೆಂದು ಭಾವಿಸಿ ಪೂಜಿಸುತ್ತಾರೆ. ಪ್ರತಿ ವರ್ಷ ಆ ದಿನ ಮಾನವಿಯಲ್ಲಿ ಆರಾಧನೆ ನಡೆಯುತ್ತದೆ.

ನಮ್ಮ ಪಾಲಿನ ಕೆಲಸ

2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆಯ ಪ್ರಮಾಣ ಶೇಕಡಾ 75. ರಾಯಚೂರು ಜಿಲ್ಲೆಯದು ಶೇಕಡಾ 60ರ ಆಸುಪಾಸಿನಲ್ಲಿತ್ತು. ಹೆಣ್ಣುಮಕ್ಕಳ ಪಾಲು ಅದಕ್ಕಿಂತಲೂ ಕಡಿಮೆ. ಸಾವಿರ ಪದ್ಯಗಳನ್ನು ಅನಕ್ಷರಸ್ಥರ ನೆನಪಿನಲ್ಲಿ ಬಿತ್ತಿದ ಕವಿಯ ನಾಡಿನಲ್ಲಿ ಇಂಥ ಲೆಕ್ಕ ಬಂದಿರುವುದು ನಮ್ಮೆಲ್ಲರನ್ನೂ ಯೋಚನೆಗೆ ಹಚ್ಚಬೇಕು. ಜನರಿಗೆ ಕಲಿಯುವ ಶಕ್ತಿಯಿಲ್ಲವೆಂದು ಈ ಮಣ್ಣಿನಲ್ಲಿ ನಿಂತು ಯಾರೂ ಹೇಳುವಂತಿಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಕನ್ನಡ ನಾಡಿನ ಜನರು ಓದದೆಯೂ ಕಾವ್ಯವನ್ನು ಬಲ್ಲವರೆಂದು ಕೊಂಡಾಡಿದೆ. ಕೊರತೆಯಿರುವುದು ಕಲಿಯುವವರಲ್ಲಿ ಅಲ್ಲ, ಕಲಿಸುವವರಲ್ಲಿ.

ನಮ್ಮ ನಡುವೆ ಶಾಲೆಯ ಶಿಕ್ಷಕರಿದ್ದಾರೆ, ಉಪದೇಶಿಗಳಿದ್ದಾರೆ, ದಾದಿಯರಿದ್ದಾರೆ, ಹಾಡು ಕಟ್ಟುವ, ನಾಟಕ ಆಡಿಸುವ, ಚಿತ್ರ ಬರೆಯುವ ತರುಣರಿದ್ದಾರೆ. ಬಾಣಂತಿಯ ಆರೈಕೆಯಾಗಲಿ, ಕುಡಿತದ ಕೇಡಾಗಲಿ, ಸಾಲದ ಲೆಕ್ಕವಾಗಲಿ, ಜನರಿಗೆ ತಿಳಿಸಬೇಕಾದ ಎಷ್ಟೋ ಸಂಗತಿಗಳು ಇಂದು ಅರ್ಥವಾಗದ ಭಾಷೆಯ ಕರಪತ್ರಗಳಲ್ಲಿ ಬಿದ್ದು ಧೂಳು ತಿನ್ನುತ್ತಿವೆ. ಅವನ್ನು ಯಾವ ಧಾಟಿಯಲ್ಲಿ ಹೇಳಿದರೆ ದೇವದುರ್ಗದ ಕೂಲಿಯ ಹೆಣ್ಣುಮಗಳು ನಿಂತು ಕೇಳುವಳು, ಯಾವ ಚಿತ್ರದಲ್ಲಿ ತೋರಿಸಿದರೆ ದೇವಸುಗೂರಿನ ಕಾರ್ಮಿಕನು ಮನೆಗೆ ಹೋಗಿ ಹೆಂಡತಿಯ ಮುಂದೆ ಹೇಳುವನು ಎಂದು ಯೋಚಿಸುವುದು ನಮ್ಮ ಕರ್ತವ್ಯ. ಅದಕ್ಕೆ ಮೊದಲು ಅವರ ಪಂಕ್ತಿಯಲ್ಲಿ ಕುಳಿತು ಅವರ ರೊಟ್ಟಿಯನ್ನು ಉಣ್ಣಬೇಕಾಗುತ್ತದೆ. ಜಗನ್ನಾಥದಾಸರ ಬಾಳಿನ ಅನುಕ್ರಮವೂ ಅದೇ ಆಗಿತ್ತು. ಮೊದಲು ರೊಟ್ಟಿ, ಆಮೇಲೆ ಗ್ರಂಥ.